ರಜೆಯ ದಿನದ ಕುಣಿತಕ್ಕೆ ಯಾವ ಕೂಲಿ?

ಹಬ್ಬದ ದಿನ ಕಾರ್ಖಾನೆಯ ಗೇಟು ಮುಚ್ಚಿದರೂ ಆಳಿನ ಕೂಲಿ ನಿಲ್ಲಬಾರದು. ಆ ದಿನ ಯಜಮಾನನು ಆಳನ್ನು ಕರೆದು ದುಡಿಸಿಕೊಂಡರೆ ಇಮ್ಮಡಿ ಕೂಲಿ ಕೊಡಬೇಕು, ಇಲ್ಲವೆ ಆ ದಿನದ ಕೂಲಿಯ ಜೊತೆಗೆ ಇನ್ನೊಂದು ದಿನ ಸಂಬಳ ಸಹಿತ ರಜೆ ಕೊಡಬೇಕು. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದ ಕಾಲದಲ್ಲಿ, 1963ರಲ್ಲಿ, ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯಿದೆಯಾಗಿ ಬಂದ ಮಾತು ಇದು. ಯಾರೂ ದಯೆಯಿಂದ ಕೊಟ್ಟದ್ದಲ್ಲ. ಕಾರ್ಮಿಕರು ಕೇಳಿ ಕೇಳಿ ಪಡೆದದ್ದು. ಈಗ ಅದು ನಮಗೆ ಎಷ್ಟು ಸಹಜವಾಗಿದೆಯೆಂದರೆ, ಹಬ್ಬದ ದಿನ ಕೆಲಸಕ್ಕೆ ಬಾ ಎಂದು ಮೇಸ್ತ್ರಿ ಕರೆದರೆ “ಡಬ್ಬಲ್ ಉಂಟಷ್ಟೆ?” ಎಂಬ ಪ್ರಶ್ನೆ ತಾನಾಗಿ ಬಾಯಿಗೆ ಬರುತ್ತದೆ.

ಅದೇ ರಜೆಯ ದಿನ ನಾವು ಹೆಂಡತಿ ಮಕ್ಕಳನ್ನು ಕರೆದುಕೊಂಡು ಉಡುಪಿಯ ರಥಬೀದಿಗೆ ಹೋಗುತ್ತೇವೆ. ವಿಟ್ಲಪಿಂಡಿಯ ಗೌಜಿಯಲ್ಲಿ ಮಗುವನ್ನು ಹೆಗಲ ಮೇಲೆ ಕೂರಿಸಿ ಹುಲಿವೇಷ ತೋರಿಸುತ್ತೇವೆ. ತಾಸೆಯ ಪೆಟ್ಟಿಗೆ ನಮ್ಮ ಕಾಲೂ ಅಲುಗುತ್ತದೆ. ಆದರೆ ತಾಸೆ ಬಡಿಯುವವನಿಗೂ ಆ ದಿನ ಹಬ್ಬವೇ. ಅವನಿಗೂ ಹೆಗಲೇರುವ ಮಗು ಉಂಟು. ನಾವು ರಜೆಯಲ್ಲಿದ್ದೇವೆ, ಅವನು ದುಡಿಮೆಯಲ್ಲಿದ್ದಾನೆ. ಅವನಿಗೆ ಡಬ್ಬಲ್ ಉಂಟೋ ಎಂದು ನಾವು ಯಾರಾದರೂ ಕೇಳಿದ್ದೇವೆಯೆ?

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಹಬ್ಬದ ದಿನ, ರಜೆಯ ದಿನ ಊರನ್ನು ರಂಜಿಸುವ ವೇಷದವರಿಗೂ ವಾದ್ಯದವರಿಗೂ ಮಾಮೂಲು ದಿನಕ್ಕಿಂತ ಹೆಚ್ಚಿನ ದರ ಇರಬೇಕು. ಅದು ಮೊದಲೇ ಬರೆದ ದರವಾಗಿರಬೇಕು. ಹೆಚ್ಚಾದ ಹಣವು ತಂಡದ ಯಜಮಾನನ ಚೀಲದಲ್ಲಿ ನಿಲ್ಲದೆ ಪ್ರತಿಯೊಬ್ಬನ ಕೈಗೆ ಮುಟ್ಟಬೇಕು. ಈ ಕಡೆಯ ಮಾತಿನಲ್ಲಿಯೇ ಇಡೀ ಪ್ರಶ್ನೆಯ ಗಂಟು ಇದೆ.

ಹುಲಿವೇಷ ಹಾಕುವವರು ಯಾರು? ಬೇರೆ ಲೋಕದವರಲ್ಲ. ವರ್ಷದ ಉಳಿದ ದಿನಗಳಲ್ಲಿ ಗಾರೆ ಕೆಲಸ ಮಾಡುವವರು, ಮಲ್ಪೆಯ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವವರು, ರಿಕ್ಷಾ ಓಡಿಸುವವರು, ಗೋಡೆಗೆ ಬಣ್ಣ ಬಳಿಯುವವರು, ಬೀಡಿ ಕಟ್ಟುವ ತಾಯಂದಿರ ಮಕ್ಕಳು. ಅವರ ಹಬ್ಬದ ಕೆಲಸ ಹಬ್ಬದ ಬೆಳಿಗ್ಗೆ ಶುರುವಾಗುವುದಿಲ್ಲ, ಹಿಂದಿನ ರಾತ್ರಿಯೇ ಶುರುವಾಗುತ್ತದೆ. ಮೈಗೆಲ್ಲ ಬಣ್ಣ ಹಚ್ಚಿ, ಅದು ಒಣಗಿದ ಮೇಲೆ ಪಟ್ಟೆಗಳನ್ನು ಬರೆಯಬೇಕು. ಅಷ್ಟು ಹೊತ್ತೂ ಕೈಗಳನ್ನು ಅಗಲಿಸಿ, ಕೋಲಿನ ಆಧಾರ ಹಿಡಿದು ನಿಂತೇ ಇರಬೇಕು. ಕೂರುವ ಹಾಗಿಲ್ಲ, ಮಲಗುವ ಹಾಗಿಲ್ಲ. ಚರ್ಮ ಬಿಗಿದು ಉರಿಯುತ್ತದೆ. ಹೊಟ್ಟೆ ತುಂಬ ಉಣ್ಣುವಂತಿಲ್ಲ, ಬೆವರು ಹೊರಗೆ ಬರುವಂತಿಲ್ಲ. ಬೆಳಗಾದ ಮೇಲೆ ಬಿಸಿಲಿನಲ್ಲೋ ಮಳೆಯಲ್ಲೋ ಮೈಲುಗಟ್ಟಲೆ ನಡಿಗೆ, ಅಂಗಡಿ ಅಂಗಡಿಯ ಮುಂದೆ ಕುಣಿತ, ಲಾಗ. ಬಲ್ಲವನಾದರೆ 40 ಕಿಲೋ ಆಸುಪಾಸಿನ ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ತಲೆಯ ಹಿಂದಕ್ಕೆ ಎಸೆಯಬೇಕು. ನೆಲದ ಮೇಲಿನ ನೋಟನ್ನು ಹಿಂದಕ್ಕೆ ಬಾಗಿ ಬಾಯಿಯಿಂದ ಎತ್ತಬೇಕು. ನೋಡುವವರಿಗೆ ಇದು ಸೊಗಸು. ಎರಡು ದಿನ ಕಳೆದ ಮೇಲೆ ಸೀಮೆಎಣ್ಣೆಯನ್ನೋ ತೆಂಗಿನೆಣ್ಣೆಯನ್ನೋ ತಿಕ್ಕಿ ಬಣ್ಣ ತೆಗೆಯುವಾಗ ಅವನ ಮೈ ಹೇಗಿರುತ್ತದೆಂದು ನೋಡಲು ಯಾರೂ ಹೋಗುವುದಿಲ್ಲ.

ತಾಸೆಯವನ ಪಾಡು ಬೇರೆ. ಹುಲಿಗಳಲ್ಲಿ ಒಬ್ಬ ದಣಿದರೆ ಇನ್ನೊಬ್ಬ ಮುಂದೆ ಬಂದಾನು. ತಾಸೆ ನಿಂತರೆ ತಂಡವೇ ನಿಂತಿತು. ಆದ್ದರಿಂದ ಎಲ್ಲರಿಗಿಂತ ಹೆಚ್ಚು ಹೊತ್ತು ದುಡಿಯುವವನು ಅವನು. ಪತ್ರಿಕೆಗಳಲ್ಲಿ ಚಿತ್ರ ಬರುವುದು ಹುಲಿಯದ್ದು, ತಾಸೆಯವನದ್ದಲ್ಲ. ಹಣ ಹಂಚುವಾಗಲೂ ಹಲವು ಕಡೆ ಇದೇ ಕ್ರಮ.

“ಇದೆಲ್ಲ ದೇವರ ಸೇವೆ, ಅದಕ್ಕೆ ಲೆಕ್ಕ ಹಾಕುವುದು ಸರಿಯೆ?” ಎಂದು ಉತ್ಸವ ಸಮಿತಿಯ ಹಿರಿಯರು ಕೇಳುತ್ತಾರೆ. ಸೇವೆಯೆಂದು ವೇಷ ಹಾಕುವವರು ಇದ್ದಾರೆ. ಹರಕೆ ಹೊತ್ತು ಹುಲಿಯಾಗುವವರು ಇದ್ದಾರೆ. ಅವರಿಗೆ ನಮ್ಮ ನಮಸ್ಕಾರ, ಅವರ ವಿಷಯಕ್ಕೆ ನಾವು ಹೋಗುವುದಿಲ್ಲ. ಆದರೆ ಅದೇ ಸಮಿತಿಯ ಜಮಾಖರ್ಚಿನ ಪುಸ್ತಕ ತೆರೆದು ನೋಡಿ. ಚಪ್ಪರದವನ ಬಿಲ್ಲಿದೆ, ಮೈಕಿನವನ ಬಿಲ್ಲಿದೆ, ಜನರೇಟರಿನ ಬಾಡಿಗೆ ಇದೆ, ವಿದ್ಯುದ್ದೀಪದ ಅಲಂಕಾರದ ಬಿಲ್ಲಿದೆ. ಇವರಲ್ಲಿ ಯಾರಿಗಾದರೂ ದೇವರ ಸೇವೆಯೆಂದು ಅರ್ಧ ಹಣ ಕೊಟ್ಟು ಕಳುಹಿಸಿದ್ದುಂಟೆ? ದೇವರ ಹೆಸರು ನೆನಪಾಗುವುದು ವಾದ್ಯದವನಿಗೆ ಹಣ ಎಣಿಸುವಾಗ ಮಾತ್ರ.

ಹಿಂದೆ ದೇವಸ್ಥಾನದ ವಾದ್ಯದವರಿಗೆ ಉಂಬಳಿ ಇತ್ತು, ಕಟ್ಟಳೆಯ ಅಕ್ಕಿ ಇತ್ತು. ಕೊಡುವ ಕೈಯೂ ಕೊಳ್ಳುವ ಕೈಯೂ ಒಂದೇ ಊರಿನವು; ಹಬ್ಬಕ್ಕೆ ಕರೆದರೆ ಬರಲೇಬೇಕು ಎಂಬುದಕ್ಕೆ ಎದುರಾಗಿ ವರ್ಷದ ಗಂಜಿಯೂ ಇತ್ತು. ಆ ವ್ಯವಸ್ಥೆ ಒಳ್ಳೆಯದಿತ್ತೆಂದು ನಾವು ಹೇಳುವುದಿಲ್ಲ. ಅದರ ಮೇಲುಕೀಳನ್ನು ನಾವು ಬಲ್ಲೆವು. ಆದರೆ ಉಂಬಳಿ ಹೋಗಿ, ಅಕ್ಕಿ ಹೋಗಿ, “ಕರೆದರೆ ಬರಲೇಬೇಕು” ಎಂಬ ಒಂದು ಮಾತು ಮಾತ್ರ ಉಳಿದುಕೊಂಡರೆ ಅದನ್ನು ಸಂಪ್ರದಾಯವೆನ್ನಬೇಕೋ ಬಿಟ್ಟಿ ಚಾಕರಿ ಎನ್ನಬೇಕೋ ಓದುಗರೇ ಹೇಳಲಿ.

ನಮ್ಮ ವರ್ತಕ ಬಂಧುಗಳಿಗೆ ಇದನ್ನು ತಿಳಿಸಲು ದೂರದ ಉದಾಹರಣೆ ಬೇಡ. ಕಾಪು ತಾಲೂಕಿನ ಶಂಕರಪುರದ ಮಲ್ಲಿಗೆ ಇದೆಯಷ್ಟೆ? ಅದರ ಅಟ್ಟೆಯ ದರವನ್ನು ದಿನ ದಿನವೂ ಹೇಳುತ್ತಾರೆ. ಶುಭಕಾರ್ಯ ಇಲ್ಲದ ದಿನಗಳಲ್ಲಿ ಕೆಲವು ನೂರು ರೂಪಾಯಿಗೆ ಇಳಿಯುವ ಅಟ್ಟೆ, ಹಬ್ಬ ಮದುವೆಗಳು ಕೂಡಿ ಬಂದಾಗ 2,000 ರೂಪಾಯಿ ದಾಟಿದ್ದುಂಟು. ಕೊಳ್ಳುವವರು ಗೊಣಗುತ್ತಾರೆ, ಆದರೂ ಕೊಳ್ಳುತ್ತಾರೆ. ಬೆಳೆದವನಿಗೆ ನಾಲ್ಕು ಕಾಸು ಸಿಗಲಿ ಎನ್ನುತ್ತಾರೆ. ದೀಪಾವಳಿಗೆ ಬೆಂಗಳೂರಿನಿಂದ ಬರುವ ಖಾಸಗಿ ಬಸ್ಸಿನವನು ಎಷ್ಟು ಕೀಳುತ್ತಾನೆಂಬುದು ಮನೆಮನೆಗೂ ಗೊತ್ತು. ಹೂವಿಗೆ ಹಬ್ಬದ ದರ ಉಂಟು, ಬಸ್ಸಿಗೆ ಹಬ್ಬದ ದರ ಉಂಟು, ಬಾಳೆಗೊನೆಗೂ ಉಂಟು. ಮನುಷ್ಯನ ಮೈಗೆ ಮಾತ್ರ ಇಲ್ಲವೆಂದರೆ ಹೇಗೆ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ತೂಕದ ಆಕ್ಷೇಪ. “ಕಾರ್ಖಾನೆಯವನಿಗೆ ಹಬ್ಬದ ದಿನದ ದುಡಿಮೆ ಅಪರೂಪ, ಅದಕ್ಕೆ ಇಮ್ಮಡಿ. ವೇಷದವನಿಗೆ, ಬ್ಯಾಂಡಿನವನಿಗೆ ಹಬ್ಬವೇ ಸುಗ್ಗಿ. ಸುಗ್ಗಿಯಲ್ಲಿ ದುಡಿದದ್ದಕ್ಕೆ ಹೆಚ್ಚು ಕೂಲಿ ಯಾಕೆ?” ಸುಗ್ಗಿ ಎಂಬುದು ನಿಜ. ಆದರೆ ಸುಗ್ಗಿಯ ಬೆಳೆಯಿಂದ ರೈತ ವರ್ಷವಿಡೀ ಉಣ್ಣಬೇಕಲ್ಲವೆ? ಚೆಂಡೆಯ ತಂಡಕ್ಕೆ, ಸ್ಯಾಕ್ಸೋಫೋನಿನವರಿಗೆ, ಬ್ಯಾಂಡಿನವರಿಗೆ ವರ್ಷದಲ್ಲಿ ಕರೆ ಬರುವ ದಿನಗಳು ಎಣಿಕೆಯವು. ಉಳಿದ ದಿನಗಳಲ್ಲಿ ಅಭ್ಯಾಸ ಮಾಡಬೇಕು, ವಾದ್ಯಕ್ಕೆ ಚರ್ಮ ಕಟ್ಟಿಸಬೇಕು, ಮೊಣಕಾಲಿನ ನೋವಿಗೆ ಮದ್ದು ಮಾಡಬೇಕು. ಆ ದಿನಗಳಿಗೆ ಕೂಲಿ ಇಲ್ಲ. ಹಬ್ಬದ ದರ ಹೆಚ್ಚಾಗಬೇಕು ಎಂಬುದಕ್ಕೆ ಅವರು ಹಬ್ಬ ಕಳೆದುಕೊಂಡರು ಎಂಬುದೊಂದೇ ಕಾರಣವಲ್ಲ. ಖಾಲಿ ದಿನಗಳ ಗಂಜಿಯನ್ನೂ ಆ ದಿನವೇ ಗಳಿಸಬೇಕು ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಸುಗ್ಗಿಯೇ ತಪ್ಪಿದರೆ ಏನಾಗುತ್ತದೆಂದು ನಾವು 2020ರಲ್ಲಿ ಕಂಡಿದ್ದೇವೆ. ಆ ಮಾರ್ಚಿನಲ್ಲಿ ಕೊರೋನಾದ ದೆಸೆಯಿಂದ ಯಕ್ಷಗಾನ ಮೇಳಗಳು ತಿರುಗಾಟವನ್ನು ಅರ್ಧದಲ್ಲಿ ನಿಲ್ಲಿಸಿ ಮನೆಗೆ ಬಂದವು. ಆ ವರ್ಷದ ಅಷ್ಟಮಿಗೆ ರಥಬೀದಿಯಲ್ಲಿ ಜನಸಾಗರವೂ ಇಲ್ಲ, ಹುಲಿಗಳ ಹಿಂಡೂ ಇಲ್ಲ. ಕಾರ್ಖಾನೆ ಮುಚ್ಚಿದಾಗ ಬಾಕಿ ಸಂಬಳ ಕೇಳಲು ಗೇಟಾದರೂ ಒಂದು ಇರುತ್ತದೆ. ಇವರು ಯಾರ ಗೇಟಿಗೆ ಹೋಗಬೇಕು? ಯಾರ ಹಾಜರಿ ಪಟ್ಟಿಯಲ್ಲಿಯೂ ಅವರ ಹೆಸರಿಲ್ಲ. 1963ರ ಕಾಯಿದೆ ಅವರ ತನಕ ತಲುಪದಿರುವುದು ಇದೇ ಕಾರಣಕ್ಕೆ: ಒಂದು ದಿನಕ್ಕೆ ಕರೆಸಿಕೊಂಡವನು ಯಜಮಾನನಲ್ಲ, ಬಂದವನು ನೌಕರನಲ್ಲ.

ಬೀಡಿಗೆ ದರ ಬರೆಸುವಾಗಲೂ ನಮ್ಮ ಜಿಲ್ಲೆಗಳಲ್ಲಿ ಇಂಥದೇ ಮಾತು ಕೇಳಿಬರುತ್ತಿತ್ತು. “ಮನೆಯಲ್ಲಿ ಕೂತು ಬಿಡುವಿನ ಹೊತ್ತಿನಲ್ಲಿ ಕಟ್ಟುವುದು, ಅದಕ್ಕೆಂಥ ಕಾಯಿದೆ?” 1966ರಲ್ಲಿ ಬೀಡಿ ಕಾರ್ಮಿಕರ ಕಾಯಿದೆ ಬಂತು, ಮನೆಯಲ್ಲಿ ಕೂತವರೂ ಕಾರ್ಮಿಕರೇ ಎಂದು ಒಪ್ಪಬೇಕಾಯಿತು. ಸಾವಿರಕ್ಕೆ ಇಷ್ಟು ಎಂದು ಬರೆದ ದರವಿದ್ದುದರಿಂದಲೇ ಅದಕ್ಕೆ ತುಟ್ಟಿಭತ್ಯೆ ಸೇರಿಸಿ ಎಂದು ಕೇಳಲು ಸಾಧ್ಯವಾಯಿತು. ಬರೆದ ದರ ಇಲ್ಲದ ಕಡೆ ಹೆಚ್ಚಳ ಕೇಳುವುದು ಗಾಳಿಗೆ ಗುದ್ದಿದಂತೆ. ಅಮೇರಿಕದಲ್ಲಿ ವಾದ್ಯಗಾರರು 1896ರಲ್ಲಿಯೇ ಸಂಘ ಕಟ್ಟಿದರು. ಅದರ ಊರೂರಿನ ಶಾಖೆಗಳು ದರಪಟ್ಟಿ ಇಡುತ್ತವೆ, ಹೊಸ ವರ್ಷದ ಹಿಂದಿನ ರಾತ್ರಿಗೆ ಬೇರೆಯೇ ದರ ಬರೆಯುವುದುಂಟು. ಅಷ್ಟು ದೂರ ಯಾಕೆ? ನಮ್ಮ ಆಕಾಶವಾಣಿ ಕಲಾವಿದರನ್ನು ಶ್ರೇಣಿಯಲ್ಲಿಟ್ಟು ಶ್ರೇಣಿಗೆ ಇಷ್ಟು ಎಂದು ಸಂಭಾವನೆ ಕೊಡುತ್ತದೆ. ಅಲ್ಲಿ ಚೌಕಾಸಿ ಇಲ್ಲ. ಮಣಿಪಾಲದಲ್ಲಿ ಡಿಸೆಂಬರ್ 31ರ ರಾತ್ರಿ ಹೋಟೆಲಿನಲ್ಲಿ ಹಾಡಲು ಬರುವ ಪಟ್ಟಣದ ಹಾಡುಗಾರನು ಆ ರಾತ್ರಿಯ ಬೆಲೆ ಏನೆಂದು ಬಲ್ಲನು, ಮುಂಗಡ ಬಾರದೆ ಊರು ಬಿಡುವುದಿಲ್ಲ. ಅವನ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಅವನಿಗೆ ತಿಳಿದದ್ದು ನಮ್ಮ ತಾಸೆಯವನಿಗೂ ತಿಳಿಯಲಿ ಎಂದಷ್ಟೇ ನಮ್ಮ ಆಸೆ.

ಇನ್ನು ಗಂಟಿನ ವಿಷಯ. ದರ ಏರಿದ ಮಾತ್ರಕ್ಕೆ ಕೂಲಿ ಏರುವುದಿಲ್ಲ. ಶಾಲೆಯ ಮಕ್ಕಳಿಗೆ ಕೊಡುವಂಥ ಒಂದು ಲೆಕ್ಕ ಮಾಡೋಣ. ಸಂಖ್ಯೆಗಳು ಉದಾಹರಣೆಗೆ ಮಾತ್ರ. ತಂಡದಲ್ಲಿ 20 ಮಂದಿ. ಮಾಮೂಲು ದಿನದ ದರ 40,000 ರೂಪಾಯಿ. ಬಣ್ಣ, ವಾಹನ, ಊಟಕ್ಕೆ 10,000. ತಲೆಗೆ 1,000ದಂತೆ ಹಂಚಿದರೆ 20,000. ಯಜಮಾನನಿಗೆ ಉಳಿಯುವುದು 10,000. ಹಬ್ಬಕ್ಕೆ ದರವನ್ನು ಒಂದೂವರೆ ಪಾಲು ಮಾಡಿ 60,000 ಎಂದಿಟ್ಟರು. ಬಣ್ಣಕ್ಕೂ ವಾಹನಕ್ಕೂ ಅಷ್ಟೇ ಖರ್ಚು. ತಲೆಗೆ ಅದೇ 1,000 ಕೊಟ್ಟರೆ ಯಜಮಾನನ ಪಾಲು 30,000, ಮೂರು ಪಟ್ಟು! ಕುಣಿದವನಿಗೆ ಒಂದು ಕಾಸೂ ಹೆಚ್ಚಿಲ್ಲ. ಹಾಗಲ್ಲದೆ ತಲೆಗೆ 2,000 ಕೊಟ್ಟರೆ? 40,000 ಹೋಗಿ, ಖರ್ಚು 10,000 ಹೋಗಿ, ಯಜಮಾನನಿಗೆ ಮೊದಲಿನಂತೆಯೇ 10,000 ಉಳಿಯುತ್ತದೆ. ಅಂದರೆ ಕರೆಸುವವರು ಒಂದೂವರೆ ಪಾಲು ಕೊಟ್ಟರೆ ಸಾಕು, ಕುಣಿಯುವವನಿಗೆ ಇಮ್ಮಡಿ ಮುಟ್ಟಿಸಬಹುದು. ಯಾರ ಗಂಟೂ ಮುಳುಗುವುದಿಲ್ಲ. ಪಾಲಿನ ಪಟ್ಟಿ ಬರೆಯದೆ ದರ ಮಾತ್ರ ಏರಿಸಿ ಎಂದು ಕೂಗಿದರೆ ನಾವು ಗುತ್ತಿಗೆದಾರನ ಪರವಾಗಿ ಕೂಗಿದ ಹಾಗೆ.

ಎಲ್ಲ ಯಜಮಾನರೂ ಗುತ್ತಿಗೆದಾರರಲ್ಲ ಎಂಬುದನ್ನೂ ಹೇಳಬೇಕು. ಹಲವು ತಂಡಗಳು ಕೇರಿಯ ಹುಡುಗರು ಕೂಡಿ ಕಟ್ಟಿದವು. ಬಣ್ಣಕ್ಕೆ ಸಾಲ ತಂದವನು, ಮಳೆ ಬಂದು ಕುಣಿತ ನಿಂತಾಗ ನಷ್ಟ ಹೊತ್ತವನು ಯಜಮಾನನೇ. ಅವನ ಪಾಲನ್ನೂ ಬರೆಯಿರಿ. ಎಲ್ಲರ ಕಣ್ಣಿಗೆ ಕಾಣುವಂತೆ ಬರೆದರೆ ಅವನ ಮೇಲಿನ ಗುಮಾನಿಯೂ ಹೋದೀತು.

ಸಣ್ಣ ಅಂಗಡಿಯವರ ಸಂಕಟ ನಮಗೆ ಗೊತ್ತಿಲ್ಲದ್ದಲ್ಲ. ಅಷ್ಟಮಿಯ ದಿನ ಒಂದು ತಂಡ ಹೋಗುವುದರೊಳಗೆ ಇನ್ನೊಂದು ಬರುತ್ತದೆ; ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಎನ್ನುವುದು ಕಷ್ಟ; ಗಲ್ಲಾಪೆಟ್ಟಿಗೆಯ ಮೇಲೆ ಕಣ್ಣಿಟ್ಟು ತಾಸೆ ಬಡಿದರೆ ಗಿರಾಕಿಯ ಮಾತೇ ಕೇಳಿಸುವುದಿಲ್ಲ. “ಇನ್ನು ಮೇಲೆ ಹಬ್ಬದ ದರವೂ ಬಂದರೆ ನಮ್ಮ ಗತಿ ಏನು?” ಎಂದು ಅವರು ಕೇಳಬಹುದು. ಆದರೆ ಯೋಚಿಸಿ ನೋಡಿ: ಆ ದಿನ ರಥಬೀದಿಗೆ, ಕಾಪುವಿನ ಪೇಟೆಗೆ, ಕಾರ್ಕಳದ ಪೇಟೆಗೆ ಜನ ಬರುವುದು ದೇವರ ದರ್ಶನಕ್ಕೆಷ್ಟೋ ವೇಷ ವಾದ್ಯಗಳಿಗೂ ಅಷ್ಟೇ. ಆ ಜನದಿಂದಲೇ ಆ ದಿನದ ವ್ಯಾಪಾರ. ನಮಗೆ ಸರಿಯೆಂದು ಕಾಣುವುದು ಹೀಗೆ: ಒಂದು ಬೀದಿಯ ಅಂಗಡಿಯವರು ಅಂಗಡಿಯ ಗಾತ್ರ ನೋಡಿ ಒಂದು ಸಲ ಒಂದೇ ಕಡೆ ವಂತಿಗೆ ಹಾಕಲಿ. ಆ ಗಂಟಿನಿಂದ, ಮೊದಲೇ ಒಪ್ಪಿದ ತಂಡಗಳಿಗೆ ಒಪ್ಪಿದ ದರ ಹೋಗಲಿ. ದೊಡ್ಡ ಬಟ್ಟೆಯಂಗಡಿಯವನು ಹೆಚ್ಚು ಕೊಡಲಿ, ಬೀಡಾ ಅಂಗಡಿಯವನು ಹತ್ತಿಪ್ಪತ್ತು ರೂಪಾಯಿ ಕೊಟ್ಟು ಸಮಾಧಾನದಿಂದ ಕುಣಿತ ನೋಡಲಿ. ಆಮೇಲೂ ಮೆಚ್ಚಿ ನೋಟು ಕೊಡುವವನ ಕೈಯನ್ನು ಯಾರೂ ಹಿಡಿಯುವುದಿಲ್ಲ.

ಮಠದಲ್ಲಿ, ವೇದಿಕೆಗಳಲ್ಲಿ ವೇಷದವರಿಗೆ ಬಹುಮಾನ ಕೊಡುವ ಕ್ರಮ ಉಂಟು. ಒಳ್ಳೆಯದೇ. ಆದರೆ ಬಹುಮಾನ ಬೇರೆ, ಮಜೂರಿ ಬೇರೆ. ಬಹುಮಾನ ಗೆದ್ದವನಿಗೆ, ಮಜೂರಿ ದುಡಿದವರಿಗೆಲ್ಲ. ಕಾರ್ಖಾನೆಯಲ್ಲಿ ಹೆಚ್ಚು ನೇಯ್ದ ಮೂವರಿಗೆ ಬಹುಮಾನ ಕೊಟ್ಟು ಉಳಿದವರನ್ನು ಬರಿಗೈಯಲ್ಲಿ ಕಳುಹಿಸಿದರೆ ನಾವು ಒಪ್ಪುತ್ತೇವೆಯೆ?

ಇದೇ ಅಷ್ಟಮಿಗೆ ವೇಷ ಹಾಕಿ ಬಂದ ಹಣವನ್ನು ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಕೊಟ್ಟವರು ಕಟಪಾಡಿಯ ರವಿ. ಅವರು ಕಟ್ಟಡದ ಕೂಲಿ ಕೆಲಸ ಮಾಡುವವರು. ನಾಡೆಲ್ಲ ಅವರನ್ನು ಕೊಂಡಾಡಿದೆ, ನಾವೂ ಕೊಂಡಾಡುತ್ತೇವೆ. ಆದರೆ ಅವರ ಹೆಸರು ಹೇಳಿ “ನೋಡಿ, ಅವರು ಒಂದು ಪೈಸೆಯನ್ನೂ ಇಟ್ಟುಕೊಳ್ಳಲಿಲ್ಲ, ನೀವು ದರ ಕೇಳುತ್ತೀರಾ?” ಎಂದು ಬೇರೆಯವರ ಬಾಯಿ ಮುಚ್ಚಿಸುವುದನ್ನು ನಾವು ಒಪ್ಪುವುದಿಲ್ಲ. ತನ್ನದಾದದ್ದನ್ನು ಮಾತ್ರ ಮನುಷ್ಯ ದಾನ ಮಾಡಬಲ್ಲ. ಮೊದಲು ಅದು ಅವನದಾಗಲಿ.

ರಜೆಯ ದಿನ ಯಾವುದೆಂದು ನಿಶ್ಚಯಿಸುವವರು ಯಾರು ಎಂಬ ಪ್ರಶ್ನೆಯೂ ಉಂಟು. ಸರಕಾರದ ಪಟ್ಟಿಯನ್ನೇ ಹಿಡಿದರೆ ನಮ್ಮ ಊರಿಗೆ ಸಾಲದು. ಸೌರಮಾನದ ಉಡುಪಿಯ ಅಷ್ಟಮಿ ಕೆಲವು ವರ್ಷ ಬೇರೆಡೆಯ ಅಷ್ಟಮಿಗಿಂತ ತಿಂಗಳು ತಡವಾಗಿ ಬರುತ್ತದೆ. ಕಾಪುವಿನಲ್ಲಿ ಸುಗ್ಗಿ, ಆಟಿ, ಜಾರ್ದೆ ಎಂದು ವರ್ಷಕ್ಕೆ ಮೂರು ಮಾರಿಪೂಜೆ. ಆ ಮಂಗಳವಾರ ಬುಧವಾರಗಳಲ್ಲಿ ಮೂರು ಮಾರಿಗುಡಿಗಳ ಸುತ್ತ ಕಾಲಿಡಲು ಜಾಗವಿಲ್ಲ, ಸರಕಾರದ ಕಚೇರಿ ಮಾತ್ರ ತೆರೆದಿರುತ್ತದೆ. ಕಾರ್ಕಳದ ಅತ್ತೂರಿನ ಸಾಂತ್‌ಮಾರಿ ಜನವರಿಯಲ್ಲಿ ಹಲವು ದಿನ ನಡೆಯುತ್ತದೆ. ಯಾವ ಜಾತಿ ಯಾವ ಮತ ಎಂದು ಕೇಳದೆ ಜನ ಮೊಂಬತ್ತಿ ಹಚ್ಚುತ್ತಾರೆ. ಕಾರ್ಕಳದ ದೀಪೋತ್ಸವಕ್ಕೂ ಅಷ್ಟೇ ಜನ. ಆದ್ದರಿಂದ ಪಟ್ಟಿ ಬೆಂಗಳೂರಿನಿಂದ ಬರುವುದು ಬೇಡ. ಊರಿಗೆ ಯಾವುದು ಹಬ್ಬವೋ ವಾದ್ಯದವನಿಗೆ ಅದೇ ಹಬ್ಬದ ದರದ ದಿನ. ಚೌತಿ, ಮಾರ್ನೆಮಿ, ದೀಪಾವಳಿ, ಕ್ರಿಸ್‌ಮಸ್, ಈದ್ ಎಲ್ಲವೂ ಅದರಲ್ಲಿ ಸೇರಲಿ.

ಯಕ್ಷಗಾನ ಮೇಳದ ಲೆಕ್ಕ ಬೇರೆ. ದೀಪಾವಳಿ ಕಳೆದು ಹೊರಟ ಮೇಳ ಪತ್ತನಾಜೆಯವರೆಗೆ ರಾತ್ರಿ ರಾತ್ರಿ ಆಡುತ್ತದೆ. ಸಂಕ್ರಾಂತಿ, ಶಿವರಾತ್ರಿ, ಯುಗಾದಿ ಎಲ್ಲವೂ ಅವರಿಗೆ ಚೌಕಿಯಲ್ಲಿಯೇ. ಮಂದಾರ್ತಿಯಂಥ ಮೇಳಗಳ ಹರಕೆಯಾಟಗಳಿಗೆ ವರ್ಷಗಳ ಮೊದಲೇ ವೀಳ್ಯ ನಿಶ್ಚಯವಾಗಿರುತ್ತದೆ. ಅಲ್ಲಿ ಒಂದೊಂದು ರಾತ್ರಿಗೆ ಬೇರೆ ದರ ಹಚ್ಚುವುದಕ್ಕಿಂತ, ತಿರುಗಾಟದ ಸಂಬಳದಲ್ಲಿಯೇ ಹಬ್ಬದ ರಾತ್ರಿಗಳನ್ನು ಎಣಿಸಿ ಸೇರಿಸುವುದು, ಸರದಿಯ ಮೇಲೆ ಬದಲಿ ರಜೆ ಕೊಡುವುದು ಸಾಧುವೆಂದು ತೋರುತ್ತದೆ. 1975ರಲ್ಲಿ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗ ಕಲಾವಿದರ ಕಷ್ಟಸುಖಕ್ಕೆ ನಿಧಿ ಕೂಡಿಸಿ ನೆರವಾಗುತ್ತ ಬಂದಿದೆ. ತಾಸೆಯವರಿಗೂ ಚೆಂಡೆಯವರಿಗೂ ಅಂಥ ಆಸರೆ ಬೇಕು. ದೈವದ ಕೋಲವನ್ನು ನಾವು ಮನರಂಜನೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಅದು ಬೇರೆ ವಿಷಯ. ಆದರೆ 60 ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಎಂದು ರಾಜ್ಯ ಸರಕಾರ 2022ರಲ್ಲಿ ಘೋಷಿಸಿತೆಂಬುದನ್ನು ನೆನಪಿಡಬೇಕು. ರಾತ್ರಿಯಿಡೀ ಕುಣಿದ ಮೈಗೂ ಮುಪ್ಪು ಬರುತ್ತದೆಂದು ಸರಕಾರವೂ ಒಪ್ಪಿತು. ಮುಪ್ಪಿನಲ್ಲಿ ಕೊಡುವುದಿರಲಿ, ಪ್ರಾಯದಲ್ಲಿ ದುಡಿದದ್ದಕ್ಕೆ ಸರಿಯಾಗಿ ಕೊಡಬೇಡವೆ?

ಉತ್ಸವ ಸಮಿತಿಗಳಲ್ಲಿ ನಮ್ಮ ಓದುಗರು ಅನೇಕರಿದ್ದೀರಿ. ಚೌತಿಯ ಮೊದಲ ಸಭೆಯಲ್ಲಿಯೇ ನಿರ್ಣಯದ ಪುಸ್ತಕದಲ್ಲಿ ಒಂದು ಪುಟ ಇದಕ್ಕೆ ಬಿಡಿ: ತಂಡದಲ್ಲಿ ಎಷ್ಟು ಮಂದಿ, ಎಷ್ಟು ಗಂಟೆ, ತಲೆಗೆ ಎಷ್ಟು, ಮಳೆಯಿಂದ ನಿಂತರೆ ಎಷ್ಟು. ಬಣ್ಣ ಬರೆಯುವವನನ್ನೂ ಸಾಮಾನು ಹೊರುವ ಹುಡುಗನನ್ನೂ ಆ ಎಣಿಕೆಯಲ್ಲಿ ಮರೆಯಬೇಡಿ. ವೀಳ್ಯ ಹಿಡಿಯುವಾಗಲೇ ಮೂರರಲ್ಲೊಂದು ಪಾಲು ಕೈಗೆ ಕೊಡಿ. ವೇಷದ ಗೆಳೆಯರಿಗೆ ನಮ್ಮ ಮಾತು ಇಷ್ಟೆ: ಕೇಳುವುದನ್ನು ಬಣ್ಣ ಹಚ್ಚುವ ಮೊದಲು ಕೇಳಿ, ಹಚ್ಚಿದ ಮೇಲೆ ಚೌಕಾಸಿ ಮಾಡಲು ಹುಲಿಗೆ ಬಾಯಿ ಇರುವುದಿಲ್ಲ. ಕೇರಿಯ ಇನ್ನೊಂದು ತಂಡ ನೂರು ರೂಪಾಯಿ ಇಳಿಸಿ ನಿಮ್ಮ ಕರೆ ಕಸಿಯದಂತೆ ಮೊದಲೇ ಅವರೊಡನೆ ಕೂತು ಮಾತಾಡಿ. 2021ರಲ್ಲಿ ಕೇಂದ್ರ ಸರಕಾರ ತೆರೆದ ಇ-ಶ್ರಮ ದಾಖಲೆಯಲ್ಲಿ ಅಸಂಘಟಿತ ಕಾರ್ಮಿಕರೆಂದು ಹೆಸರು ಬರೆಸದವರು ಬರೆಸಿಕೊಳ್ಳಿ. ನಾಳೆ ಏನಾದರೂ ಕೇಳಲು ಒಂದು ಚೀಟಿಯಾದರೂ ಕೈಯಲ್ಲಿರಲಿ.

ಕಳೆದ ಅಷ್ಟಮಿಗೆ, ಚೌತಿಗೆ, ಮಾರಿಪೂಜೆಗೆ, ಸಾಂತ್‌ಮಾರಿಗೆ ದುಡಿದವರು ನಮ್ಮ ಕಾರ್ಯಾಲಯಕ್ಕೆ ಒಂದು ಕಾಗದ ಬರೆಯಿರಿ. ಹೆಸರು ಬೇಡ, ತಂಡದ ಹೆಸರೂ ಬೇಡ. ಎಷ್ಟು ಗಂಟೆ ದುಡಿದಿರಿ, ಎಷ್ಟು ಕೊಡುತ್ತೇವೆಂದಿದ್ದರು, ಕೈಗೆ ಎಷ್ಟು ಬಂತು ಎಂದು ಮೂರು ಸಾಲು ಸಾಕು. ಅವನ್ನೆಲ್ಲ ಸೇರಿಸಿ ಮುಂದಿನ ಅಷ್ಟಮಿಯ ಮೊದಲು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.